ಹೊಳೆಯಾಚೆ ಇನ್ನೊಂದು ಬಸ್ಸು

ಬ್ರಹ್ಮಾವರದಿಂದ ಕುಂದಾಪುರದ ಕಡೆಗೆ ಹೊರಟ ಬಸ್ಸಿಗೆ ಮಾಬುಕಳದ ಸೇತುವೆ ದಾಟಲು ಒಂದು ನಿಮಿಷ ಸಾಕು. ಕೆಳಗೆ ಸೀತಾನದಿ ಅಗಲವಾಗಿ ಹರಿದು ಹಂಗಾರಕಟ್ಟೆಯ ಕಡೆಗೆ ತಿರುಗುವುದನ್ನು ಕಿಟಕಿಯ ಬಳಿ ಕುಳಿತವರು ಒಮ್ಮೆ ನೋಡುತ್ತಾರೆ. ನೋಡುವುದರೊಳಗೆ ಸಾಸ್ತಾನ ಬಂದಿರುತ್ತದೆ. ಇದೇ ಹೊಳೆಯನ್ನು ದಾಟಲು ಒಂದು ಕಾಲದಲ್ಲಿ ಬಸ್ಸಿನಿಂದ ಇಳಿಯಬೇಕಿತ್ತು, ಗಂಟುಮೂಟೆಯನ್ನು ಹೊತ್ತು ದಂಡೆಗೆ ನಡೆಯಬೇಕಿತ್ತು, ದೋಣಿ ತುಂಬುವ ತನಕ ಕಾಯಬೇಕಿತ್ತು, ಆಚೆ ದಡ ಸೇರಿದ ಮೇಲೆ ಅಲ್ಲಿ ನಿಂತಿದ್ದ ಇನ್ನೊಂದು ಬಸ್ಸಿನಲ್ಲಿ ಜಾಗ ಹಿಡಿಯಬೇಕಿತ್ತು. ಹೀಗೆ ಒಂದೇ ಪಯಣದಲ್ಲಿ ನೆಲ ಮತ್ತು ನೀರು ಎರಡನ್ನೂ ಹಂಚಿಕೊಂಡು ಸಾಗುವುದು ಕರಾವಳಿಯ ಜನರಿಗೆ ವಿಶೇಷವೆಂದು ಎಂದೂ ಅನಿಸಿದ್ದಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೆ.

ಭೂಪಟವನ್ನು ಎದುರಿಗಿಟ್ಟುಕೊಂಡರೆ ಕಾರಣ ತಿಳಿಯುತ್ತದೆ. ಪಶ್ಚಿಮ ಘಟ್ಟ ಇಲ್ಲಿ ಸಮುದ್ರಕ್ಕೆ ಬಹಳ ಹತ್ತಿರ. ಘಟ್ಟದಲ್ಲಿ ಸುರಿದ ಮಳೆಯ ನೀರು ಕಡಿಮೆ ದೂರದಲ್ಲಿ ಕಡಲು ಸೇರಬೇಕು. ಹಾಗಾಗಿ ಹೊಳೆಗಳು ಉದ್ದವಿಲ್ಲ, ಆದರೆ ಕೊನೆಯ ಕೆಲವು ಮೈಲಿಗಳಲ್ಲಿ ಭರತದ ನೀರು ಒಳನುಗ್ಗಿ ಅವನ್ನು ಸಣ್ಣ ಸಮುದ್ರಗಳನ್ನಾಗಿ ಮಾಡಿಬಿಡುತ್ತದೆ. ಕುಂದಾಪುರದಿಂದ ಮಂಗಳೂರಿಗೆ ಹೋಗುವವನು ಮಾಬುಕಳದಲ್ಲಿ ಸೀತೆಯನ್ನು, ಕಲ್ಯಾಣಪುರದಲ್ಲಿ ಸುವರ್ಣೆಯನ್ನು, ಅನಂತರ ಉದ್ಯಾವರದ ಹೊಳೆಯನ್ನು, ಮೂಲ್ಕಿಯಲ್ಲಿ ಶಾಂಭವಿಯನ್ನು, ಪಾವಂಜೆಯಲ್ಲಿ ನಂದಿನಿಯನ್ನು, ಕೂಳೂರಿನಲ್ಲಿ ಫಲ್ಗುಣಿಯನ್ನು ದಾಟಬೇಕು. ಉತ್ತರಕ್ಕೆ ಬೈಂದೂರಿನ ಕಡೆ ಹೊರಟರೆ ಪೇಟೆ ಬಿಡುತ್ತಲೇ ಹೊಳೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಗಂಗೊಳ್ಳಿಯ ಅಳಿವೆಯಲ್ಲಿ ಒಂದಾಗುವುದರಿಂದ ಅದಕ್ಕೆ ಪಂಚಗಂಗಾವಳಿ ಎಂಬ ಹೆಸರು. ಕುಂದಾಪುರದಿಂದ ಹೊರಟವನಿಗೆ ಸಂಗಮದಲ್ಲೊಂದು, ಹೆಮ್ಮಾಡಿಯ ಬಳಿ ಇನ್ನೊಂದು, ಅರಾಟೆಯಲ್ಲಿ ಮತ್ತೊಂದು ಎಂದು ಹತ್ತು ಕಿ.ಮೀ.ಗಳೊಳಗೇ ನೀರು ಅಡ್ಡ ಬರುತ್ತದೆ.

ಮೊದಲು ಇದು ತೊಂದರೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ರಸ್ತೆಗೆ ಹೊಳೆ ಅಡ್ಡಿ. ಆದರೆ ರಸ್ತೆಯೇ ಮುಖ್ಯವಲ್ಲದ ಕಾಲದಲ್ಲಿ ಹೊಳೆಯೇ ರಸ್ತೆ. ಬಸರೂರು ಸಮುದ್ರ ದಂಡೆಯ ಮೇಲಿಲ್ಲ, ಹೊಳೆಯಲ್ಲಿ ಒಳಗೆ ಹೋದ ಮೇಲೆ ಸಿಗುವ ಊರು. ಆದರೂ ಪೋರ್ಚುಗೀಸರು ಅದಕ್ಕಾಗಿ ಹೋರಾಡಿದರು, ಶಿವಾಜಿ 1665ರಲ್ಲಿ ನೌಕಾಪಡೆಯೊಡನೆ ಬಂದು ಅದನ್ನು ಲೂಟಿ ಮಾಡಿದ. ಘಟ್ಟದ ಮೇಲಿನಿಂದ ಎತ್ತುಗಳ ಬೆನ್ನಿನ ಮೇಲೆ ಬಂದ ಸರಕು ಅಲ್ಲಿ ದೋಣಿಗೆ ಬದಲಾಗುತ್ತಿತ್ತು. ಅದರ ಮಹತ್ವವೆಲ್ಲ ಇದ್ದುದು ಈ ಬದಲಾವಣೆಯಲ್ಲಿಯೇ. ಹಂಗಾರಕಟ್ಟೆಗೂ ಬಾರಕೂರಿಗೂ ಇದ್ದ ನಂಟೂ ಇಂಥದೇ.

ಬ್ರಿಟಿಷರು ರಸ್ತೆ ಮಾಡಿದಾಗಲೂ ಈ ಲೆಕ್ಕವನ್ನೇ ಹಿಡಿದರು. ಅವರಿಗೆ ಬೇಕಿದ್ದುದು ಘಟ್ಟದ ಮೇಲಿನ ಸರಕು ಬಂದರಿಗೆ ಇಳಿಯುವ ದಾರಿ. ಆದ್ದರಿಂದ ಹಣ ಸುರಿದದ್ದು ಪೂರ್ವ-ಪಶ್ಚಿಮದ ಘಾಟಿ ರಸ್ತೆಗಳಿಗೆ. ಕರಾವಳಿಗುಂಟ ದಕ್ಷಿಣೋತ್ತರ ಸಾಗುವ ಸರಕಿಗೆ ಸಮುದ್ರವೇ ಇತ್ತು. ಪತ್ತೆಮಾರಿಗಳಿದ್ದವು, ಮಂಜಿಗಳಿದ್ದವು. ಕಡಲಿಗೆ ಸಮಾನಾಂತರವಾಗಿ ಹತ್ತಾರು ಸೇತುವೆ ಕಟ್ಟಿ ರಸ್ತೆ ಮಾಡುವುದು ಯಾರಿಗೂ ಲಾಭದ ಕೆಲಸವಾಗಿ ಕಾಣಲಿಲ್ಲ. ಜೊತೆಗೆ ಇನ್ನೊಂದು ತೊಡಕು: ಆರು ಹೊಳೆಗಳಲ್ಲಿ ಒಂದಕ್ಕೆ ಮಾತ್ರ ಸೇತುವೆ ಕಟ್ಟಿದರೆ ಪ್ರಯಾಣಿಕನಿಗೆ ಉಳಿಯುವುದು ಒಂದು ದೋಣಿಯ ಶ್ರಮ ಮಾತ್ರ. ಪೂರ್ತಿ ಪ್ರಯೋಜನ ಸಿಗುವುದು ಕೊನೆಯ ಸೇತುವೆ ಮುಗಿದ ದಿನವೇ. 1801ರಲ್ಲಿ ಈ ಹಾದಿಯಲ್ಲಿ ಉಡುಪಿ, ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಮೂಲಕ ಭಟ್ಕಳಕ್ಕೆ ಸಾಗಿದ ಫ್ರಾನ್ಸಿಸ್ ಬುಕಾನನ್ ದಾಟಿದ ಅಳಿವೆಗಳನ್ನೇ ನೂರಮೂವತ್ತು ವರ್ಷಗಳ ಮೇಲೂ ಜನ ದೋಣಿಯಲ್ಲಿ ದಾಟುತ್ತಿದ್ದರೆಂಬುದಕ್ಕೆ ಇದೇ ವಿವರಣೆ.

ಕಡವು ಎಂದರೆ ಹೊಳೆ ದಾಟುವ ಜಾಗ. ಅದು ಯಾರು ಬೇಕಾದರೂ ದೋಣಿ ಇಡಬಹುದಾದ ಜಾಗವಾಗಿರಲಿಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1890ರ ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಕಾಯಿದೆಯಂತೆ, ಮುಖ್ಯ ಕಡವುಗಳು ಸರಕಾರದ ಹತೋಟಿಯಲ್ಲಿದ್ದವು. ದೋಣಿ ಬಿಡುವ ಹಕ್ಕು ಏಲಮಿಗೆ ಹೋಗುತ್ತಿತ್ತು. ಏಲಂ ಹಿಡಿದವನು ಗೊತ್ತುಪಡಿಸಿದ ದರ ವಸೂಲು ಮಾಡಬೇಕು, ದೋಣಿಗಳನ್ನು ಸುಸ್ಥಿತಿಯಲ್ಲಿಡಬೇಕು. ಆಳಿಗೆ, ದನಕ್ಕೆ, ಗಾಡಿಗೆ, ಹೊರೆಗೆ ಬೇರೆ ಬೇರೆ ದರ. ದೋಣಿ ಒತ್ತುವವರು ಬಹುಪಾಲು ಮೊಗವೀರರು, ಖಾರ್ವಿಗಳು. ಹೊಳೆಯ ತಳದ ಮರಳು ಯಾವ ಮಳೆಗಾಲದಲ್ಲಿ ಎಲ್ಲಿಗೆ ಸರಿಯಿತೆಂಬುದು ಅವರಿಗಲ್ಲದೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ದೋಣಿ ಆಚೆ ದಡದಲ್ಲಿದ್ದರೆ ಈಚೆಯಿಂದ ಬಾಯಿಗೆ ಕೈ ಅಡ್ಡ ಹಿಡಿದು ಕೂಗು ಹಾಕಬೇಕು. ಕುಂದಾಪುರದವರ 'ಹ್ವಾಯ್' ಎಂಬ ಕರೆ ಇಂಥ ಕಡೆ ಎಷ್ಟು ಪ್ರಯೋಜನಕ್ಕೆ ಬರುತ್ತಿತ್ತೆಂಬುದನ್ನು ಊಹಿಸಬಹುದು.

ಗಾಡಿಗಳನ್ನು ದಾಟಿಸಲು ಜಂಗಲ್ ಇತ್ತು. ಕಾಡಿಗೂ ಇದಕ್ಕೂ ಸಂಬಂಧವಿಲ್ಲ. ಎರಡು ದೊಡ್ಡ ದೋಣಿಗಳನ್ನು ಅಕ್ಕಪಕ್ಕದಲ್ಲಿಟ್ಟು ಅಡ್ಡ ತೊಲೆ ಕಟ್ಟಿ, ಮೇಲೆ ಹಲಗೆ ಹಾಸಿದರೆ ಜಂಗಲ್ ಆಯಿತು. ಮಲೆಯಾಳದ ಚಂಗಾಡ, ಪೋರ್ಚುಗೀಸರ ಬಾಯಲ್ಲಿ ಜಂಗಾಡ, ಇಂಗ್ಲಿಷರ ಕಡತಗಳಲ್ಲಿ ಜಂಗಾರ್, ಇವೆಲ್ಲ ಒಂದೇ ಮನೆಯ ಮಾತುಗಳು. ಎತ್ತಿನ ಗಾಡಿ, ಮುಂದೆ ಮೋಟಾರು ಕಾರು, ಲಾರಿಗಳೂ ಇದರ ಮೇಲೇರಿದವು. ಹಲಗೆಯಿಟ್ಟು ಗಾಡಿಯನ್ನು ನೂಕಿ ಹತ್ತಿಸುವುದು, ಚಕ್ರಕ್ಕೆ ಕಲ್ಲಿಡುವುದು, ಉದ್ದನೆಯ ಗಳು ಹಾಕಿ ಒತ್ತುವುದು, ಆಚೆ ದಡದಲ್ಲಿ ಮತ್ತೆ ಹಲಗೆಯಿಟ್ಟು ಇಳಿಸುವುದು, ಇವಿಷ್ಟೂ ಸಾವಧಾನದ ಕೆಲಸ. ಒಂದು ಸಲಕ್ಕೆ ಒಂದೋ ಎರಡೋ ಗಾಡಿ. ಸಾಲಿನಲ್ಲಿ ಐದನೆಯವನಾಗಿ ಬಂದವನು ಊಟ ಮುಗಿಸಿಕೊಂಡು ಬರಬಹುದಿತ್ತು.

ಈ ಚಿತ್ರದೊಳಕ್ಕೆ ಬಸ್ಸು ಬಂದದ್ದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿ.ಪಿ.ಸಿ., 1914ರಲ್ಲಿ ಆರಂಭವಾಯಿತು. ಮುಂದೆ ಶಂಕರ ವಿಠಲ, ಹನುಮಾನ್ ಮೊದಲಾದ ಹೆಸರುಗಳು ಜಿಲ್ಲೆಯ ರಸ್ತೆಗಳಲ್ಲಿ ಮನೆಮಾತಾದವು. ಇವರೆದುರಿಗಿದ್ದ ಪ್ರಶ್ನೆ ಸುಲಭದ್ದಲ್ಲ. ಪ್ರತಿ ಬಸ್ಸನ್ನೂ ಪ್ರತಿ ಹೊಳೆಯಲ್ಲೂ ಜಂಗಲ್ ಮೇಲೆ ದಾಟಿಸಿದರೆ ದಿನ ಕಳೆದುಹೋಗುತ್ತದೆ. ಬಸ್ಸನ್ನು ದಡದಲ್ಲೇ ನಿಲ್ಲಿಸಿ ಜನರನ್ನು ಮಾತ್ರ ದಾಟಿಸಿದರೆ ಎರಡು ಹೊಳೆಗಳ ನಡುವಿನ ತುಂಡು ತುಂಡು ರಸ್ತೆಗೂ ಬೇರೆ ಬೇರೆ ಬಸ್ಸು ಬೇಕು, ಚಾಲಕ ಬೇಕು, ಕೆಟ್ಟರೆ ದುರಸ್ತಿಗೆ ವ್ಯವಸ್ಥೆ ಬೇಕು. ನಡೆದದ್ದು ಹೆಚ್ಚಾಗಿ ಎರಡನೆಯದೇ. ಮಂಗಳೂರಿಗೆ ಹೋಗುವ ಪ್ರಯಾಣಿಕ ಒಂದೊಂದು ತುಂಡಿಗೆ ಒಂದೊಂದು ಬಸ್ಸು ಏರಿ, ನಡುವೆ ದೋಣಿಗಳನ್ನು ಹತ್ತಿ ಇಳಿಯುತ್ತಿದ್ದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುವ ಗ್ಯಾಸ್ ಬಸ್ಸುಗಳು ಬಂದಾಗ ದೋಣಿಯೇ ವಾಸಿ ಅನಿಸಿದ್ದಿರಬೇಕು.

ಎರಡು ವಾಹನ ಸೇರಿದ ಪಯಣದಲ್ಲಿ ತಾಪತ್ರಯ ಇರುವುದು ವಾಹನಗಳಲ್ಲಿ ಅಲ್ಲ, ಅವುಗಳ ನಡುವಿನ ಕೊಂಡಿಯಲ್ಲಿ. ಬಸ್ಸು ಗಡಿಯಾರ ನೋಡಿ ಹೊರಡುತ್ತದೆ. ಹೊಳೆ ಚಂದ್ರನನ್ನು ನೋಡಿ ಏರುತ್ತದೆ, ಇಳಿಯುತ್ತದೆ. ಭರತ ಬರುವ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳು ಗಂಟೆಗೆ ದಂಡೆಗೆ ತಾಗಿ ನಿಂತ ದೋಣಿ ಇನ್ನೊಂದು ವಾರಕ್ಕೆ ಅದೇ ಹೊತ್ತಿನಲ್ಲಿ ಕೆಸರಿನಾಚೆ ನಿಂತಿರುತ್ತದೆ. ಆಗ ಸೀರೆ, ಪಂಚೆ ಮೇಲೆತ್ತಿ ಕೆಸರು ತುಳಿಯಬೇಕು, ಮುದುಕರನ್ನು ಹೊತ್ತು ದಾಟಿಸಬೇಕು. ಹೊಳೆಗಳ ನಡುವೆ ಸಿಕ್ಕಿಕೊಂಡ ಊರುಗಳಲ್ಲಿ ಮದುವೆಯ ದಿಬ್ಬಣ ಹೊರಡುವ ಹೊತ್ತನ್ನು ಪಂಚಾಂಗದ ಜೊತೆಗೆ ಭರತ-ಇಳಿತವನ್ನೂ ನೋಡಿ ಗೊತ್ತು ಮಾಡಬೇಕಿತ್ತು. ಆಟಿಯ ಮಳೆಯಲ್ಲಿ ಕೆಂಪು ನೀರು ಬಂತೆಂದರೆ ಯಾವ ಲೆಕ್ಕವೂ ನಡೆಯದು, ದೋಣಿಯನ್ನು ಮರಕ್ಕೆ ಕಟ್ಟಿ ಕಾಯುವುದೊಂದೇ ಕೆಲಸ.

ಕಾಯುವ ಜಾಗದಲ್ಲಿ ವ್ಯಾಪಾರ ಹುಟ್ಟುತ್ತದೆ. ಕಡವಿನ ಎರಡೂ ದಂಡೆಗಳಲ್ಲಿ ಚಾ ಹೊಟೇಲು, ಬೀಡಿ-ವೀಳ್ಯದ ಅಂಗಡಿ, ಸಾಮಾನು ಹೊರುವ ಆಳುಗಳು. ಕೊನೆಯ ದೋಣಿ ತಪ್ಪಿದವರಿಗೆ ಮಲಗಲು ಒಂದು ಜಗಲಿ. ಊರಿನ ಸುದ್ದಿ ಹಂಚಿಕೆಯಾಗುತ್ತಿದ್ದುದೂ ಅಲ್ಲಿಯೇ. ಮದರಾಸು ಪ್ರಾಂತದ ಕೊನೆ ಶಿರೂರು, ಅದರಾಚೆಯ ಭಟ್ಕಳ ಬೊಂಬಾಯಿ ಪ್ರಾಂತ. ಉತ್ತರ ಕನ್ನಡ 1862ರಲ್ಲಿ ಬೊಂಬಾಯಿಗೆ ಸೇರಿದಂದಿನಿಂದ 1956ರ ವರೆಗೆ ಈ ಗಡಿ ಉಳಿಯಿತು. ಒಂದೇ ಭಾಷೆಯಾಡುವ, ಒಂದೇ ಕಡಲಿನ ಮೀನು ತಿನ್ನುವ ಎರಡು ಊರುಗಳ ನಡುವಿನ ರಸ್ತೆಗೆ ಒಬ್ಬ ಯಜಮಾನನಿರಲಿಲ್ಲ.

ಸಮುದ್ರದ ದಾರಿಯ ವಿಚಾರ ಬೇರೆಯೇ. ಬೊಂಬಾಯಿಯಿಂದ ಹೊರಟ ಪ್ರಯಾಣಿಕರ ಸ್ಟೀಮರು ಕೊಂಕಣ, ಗೋವಾ, ಕಾರವಾರ, ಹೊನ್ನಾವರ, ಭಟ್ಕಳಗಳನ್ನು ಮುಟ್ಟಿ ಗಂಗೊಳ್ಳಿ, ಮಲ್ಪೆಗಳ ಮೂಲಕ ಮಂಗಳೂರಿಗೆ ಬರುತ್ತಿತ್ತು. ದೊಡ್ಡ ಹಡಗು ಅಳಿವೆಯ ಮರಳದಿಣ್ಣೆ ದಾಟಿ ಒಳಗೆ ಬರುವಂತಿರಲಿಲ್ಲ. ಕಡಲಲ್ಲೇ ಲಂಗರು ಹಾಕುತ್ತಿತ್ತು. ಜನ ಮಚ್ವೆಯಲ್ಲಿ ಕುಳಿತು ಅಳಿವೆ ಬಾಗಿಲಿನ ತೆರೆಗಳನ್ನು ದಾಟಿ ಹೋಗಿ ಹಡಗಿನ ಏಣಿ ಹಿಡಿಯಬೇಕು. ಕುಂದಾಪುರ ಸೀಮೆಯ ಎಷ್ಟೋ ಹುಡುಗರು ಹೊಟೇಲುಗಳಲ್ಲಿ ಲೋಟ ತೊಳೆಯಲೆಂದು ಬೊಂಬಾಯಿಗೆ ಹೋದದ್ದು ಹೀಗೆ. ಊರಿನ ಕಡವು, ಬಸ್ಸು, ಮಚ್ವೆ, ಸ್ಟೀಮರು, ಕೊನೆಗೆ ಬೊಂಬಾಯಿಯ ಟ್ರಾಮು. ಮಳೆಗಾಲ ಹಿಡಿಯಿತೆಂದರೆ ಸ್ಟೀಮರು ನಿಂತುಹೋಗುತ್ತಿತ್ತು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಆ ತಿಂಗಳುಗಳಲ್ಲಿ ಬೊಂಬಾಯಿಯಿಂದ ಹೊತ್ತಿಗೆ ಬಂದು ಮುಟ್ಟುವ ಮಾತೇ ಇರಲಿಲ್ಲ.

ಈ ಕೂಡುದಾರಿಯನ್ನು ಬಳಸಿದವರಲ್ಲಿ ಗಾಂಧೀಜಿಯೂ ಒಬ್ಬರು. ಹರಿಜನ ಯಾತ್ರೆಯ ಕಾಲದಲ್ಲಿ, 1934ರ ಫೆಬ್ರುವರಿಯ ಕೊನೆಯ ವಾರ, ಅವರು ಮಂಗಳೂರಿನಿಂದ ಉಡುಪಿ, ಬ್ರಹ್ಮಾವರಗಳ ಮೂಲಕ ಕುಂದಾಪುರಕ್ಕೆ ಬಂದರು. 26ನೇ ತಾರೀಕು ಸೋಮವಾರ, ಅವರ ಮೌನದ ದಿನ. ಅದನ್ನು ಕುಂದಾಪುರದಲ್ಲಿ ಕಳೆದು, ಅಲ್ಲಿಂದ ಹಡಗಿನಲ್ಲಿ ಕಾರವಾರಕ್ಕೆ ಹೋದರು. ಹೊಳೆ ಹೊಳೆಗೂ ಇಳಿದು ಹತ್ತುವ ರಸ್ತೆಗಿಂತ ಸಮುದ್ರವೇ ಸರಾಗವೆಂದು ಯಾತ್ರೆಯ ಏರ್ಪಾಡು ಮಾಡಿದವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಸ್ಟೀಮರು ಇಲ್ಲದ ತಿಂಗಳುಗಳಲ್ಲಿ ಬೊಂಬಾಯಿಗೆ ಎರಡು ದಾರಿ. ಹೊಸಂಗಡಿಯ ಮೇಲೆ ಬಾಳೆಬರೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗಿ ರೈಲು ಹಿಡಿಯುವುದು ಒಂದು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಇನ್ನೊಂದು, ಆರು ಹೊಳೆ ದಾಟಿ ಮಂಗಳೂರಿಗೆ ಹೋಗಿ, 1907ರಲ್ಲಿ ಅಲ್ಲಿಗೆ ಮುಟ್ಟಿದ್ದ ರೈಲಿನಲ್ಲಿ ಮದರಾಸಿನ ಕಡೆ ಹೋಗಿ, ದೇಶವನ್ನು ಅಡ್ಡಕ್ಕೆ ದಾಟಿ ಮತ್ತೆ ಪಶ್ಚಿಮಕ್ಕೆ ಬರುವುದು. ಕೊಂಕಣ ರೈಲು ಬರುವ ಮುಂಚೆ ಮಂಗಳೂರು-ಮುಂಬಯಿ ರೈಲುದಾರಿ 2041 ಕಿ.ಮೀ. ಇತ್ತು, ಬಂದ ಮೇಲೆ 914 ಕಿ.ಮೀ. ಆಯಿತು ಎಂಬ ಲೆಕ್ಕ ಈ ಸುತ್ತಿನ ಅಳತೆ ಹೇಳುತ್ತದೆ.

ನೆಲ-ನೀರು ಕೂಡಿದ ಪಯಣವನ್ನು ವ್ಯವಸ್ಥೆಯಾಗಿ ಬೆಳೆಸಿದ ದೇಶಗಳೂ ಉಂಟು. ಬ್ರಿಟನ್ ಮತ್ತು ಐರ್ಲೆಂಡುಗಳ ನಡುವೆ ಸಮುದ್ರವಿದೆ, ಅದಕ್ಕೆ ಸೇತುವೆಯೂ ಇಲ್ಲ, ಸುರಂಗವೂ ಇಲ್ಲ. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ವೇಲ್ಸ್‌ನ ತುದಿಯಲ್ಲಿರುವ ಹಾಲಿಹೆಡ್‌ಗೆ ರೈಲು, ಅಲ್ಲಿಂದ ಡಬ್ಲಿನ್‌ಗೆ ಹಡಗು. 'ಐರಿಷ್ ಮೇಲ್' ಎಂಬ ಅಂಚೆ ರೈಲು ಶುರುವಾದದ್ದು 1848ರಲ್ಲಿ. ಅಲ್ಲಿಯೂ ಮೊದಲು ನಮ್ಮ ಮಾಬುಕಳದ ಕತೆಯೇ: ಹಾಲಿಹೆಡ್ ಇರುವ ದ್ವೀಪಕ್ಕೂ ವೇಲ್ಸ್‌ಗೂ ನಡುವಿನ ಮೆನಾಯ್ ಜಲಸಂಧಿಗೆ ಅದೇ ಹೊತ್ತಿಗೆ ರೈಲು ಸೇತುವೆ ಮುಗಿದಿರಲಿಲ್ಲ. ಪ್ರಯಾಣಿಕರು ಈಚೆ ದಡದಲ್ಲಿ ರೈಲಿನಿಂದಿಳಿದು, ಟೆಲ್ಫರ್ಡ್ 1826ರಲ್ಲಿ ಮುಗಿಸಿದ್ದ ತೂಗುಸೇತುವೆಯನ್ನು ಕುದುರೆ ಗಾಡಿಯಲ್ಲಿ ದಾಟಿ, ಆಚೆ ಇನ್ನೊಂದು ರೈಲು ಏರಿದರು. 1850ರಲ್ಲಿ ಬ್ರಿಟಾನಿಯಾ ಸೇತುವೆಯಾದ ಮೇಲೆ ಆ ತೊಂದರೆ ತಪ್ಪಿತು, ಸಮುದ್ರ ಮಾತ್ರ ಉಳಿಯಿತು. ಇಂದಿಗೂ ಅಲ್ಲಿ ರೈಲು ಮತ್ತು ಹಡಗು ಎರಡಕ್ಕೂ ಸೇರಿ ಒಂದೇ ಟಿಕೇಟು ಸಿಗುತ್ತದೆ. ರೈಲು ನಿಲ್ದಾಣವೂ ಹಡಗುಕಟ್ಟೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಅಗ್ಗದ ವಿಮಾನಗಳ ಕಾಲದಲ್ಲೂ ಹೆಚ್ಚು ಸಾಮಾನಿರುವವರು, ವಿಮಾನ ಬೇಡವೆನ್ನುವವರು ಈ ದಾರಿ ಹಿಡಿಯುತ್ತಾರೆ.

ಒಂದೇ ಟಿಕೇಟು ಎಂಬುದು ಬರೀ ಅನುಕೂಲದ ಮಾತಲ್ಲ. ರೈಲು ತಡವಾಗಿ ಹಡಗು ತಪ್ಪಿದರೆ ಪ್ರಯಾಣಿಕನ ಜವಾಬ್ದಾರಿ ಯಾರದೆಂಬ ಪ್ರಶ್ನೆಗೆ ಅಲ್ಲೊಂದು ಉತ್ತರವಿದೆ. ನಮ್ಮ ಕಡವುಗಳಲ್ಲಿ ಬಸ್ಸು ಕಂಪೆನಿಯದು, ದೋಣಿ ಏಲಂದಾರನದು, ಹೊಳೆ ಸರಕಾರದ್ದು, ಮಳೆ ದೇವರದು. ಆಚೆಯ ಬಸ್ಸು ಕಾದಿದ್ದರೆ ಪುಣ್ಯ. ಆದರೂ ಅದು ಬಹುಮಟ್ಟಿಗೆ ಕಾಯುತ್ತಿತ್ತು. ಈಚೆ ದಡದಿಂದ ದೋಣಿ ಹೊರಟದ್ದು ಅದರ ಚಾಲಕನ ಕಣ್ಣಿಗೆ ಕಾಣುತ್ತಿತ್ತು, ಆ ದೋಣಿ ಬಾರದೆ ಅವನ ಬಸ್ಸು ತುಂಬುತ್ತಲೂ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಪಶ್ಚಿಮ ಕರಾವಳಿ ರಸ್ತೆ ಕೇಂದ್ರದ ಗಮನಕ್ಕೆ ಬಂತು. 1956ರಲ್ಲಿ ಎರಡು ಕನ್ನಡ ಜಿಲ್ಲೆಗಳೂ ಒಂದೇ ರಾಜ್ಯದಲ್ಲಿ ಕೂಡಿದ್ದರಿಂದ ಶಿರೂರಿನ ಗಡಿ ಅಳಿಯಿತು. ಸೇತುವೆಗಳು ಒಂದೊಂದಾಗಿ ಎದ್ದವು. ಅಳಿವೆಯ ತಳ ಮೆತ್ತನೆಯ ಹೂಳು, ಗಟ್ಟಿ ಬಂಡೆ ಸಿಗಬೇಕಾದರೆ ಬಹಳ ಕೆಳಕ್ಕೆ ಹೋಗಬೇಕು. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಮಳೆಗಾಲದ ನಾಲ್ಕು ತಿಂಗಳು ಹೊಳೆಯೊಳಗೆ ಕೆಲಸ ಸಾಗದು. ಹಾಗಾಗಿ ಕೆಲಸ ನಿಧಾನವಾಯಿತು. ಕಾರವಾರದ ಕಾಳಿಯ ಮೇಲೆ ಸೇತುವೆಯಾಗಲು 1983 ಬರಬೇಕಾಯಿತು. ಆ ಸೇತುವೆ 2024ರ ಆಗಸ್ಟಿನ ಒಂದು ರಾತ್ರಿ ಕುಸಿದು ಬಿದ್ದಾಗ, ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಹೆದ್ದಾರಿ ಉಳಿಯಿತು. ಇಲ್ಲದಿದ್ದರೆ ಕರಾವಳಿಗೆ ಜಂಗಲಿನ ನೆನಪು ಮತ್ತೆ ಆಗುತ್ತಿತ್ತು.

ಸೇತುವೆ ಬಂದ ದಿನ ಕಡವಿನ ಬದುಕು ಮುಗಿಯಿತು. ಅದು ದೊಡ್ಡ ಸುದ್ದಿಯಾಗಲಿಲ್ಲ. ಹೊಟೇಲಿನವರು ಸೇತುವೆಯ ತುದಿಗೆ ಸರಿದರು, ಹೊರೆಯಾಳುಗಳು ಬೇರೆ ಕೆಲಸ ನೋಡಿಕೊಂಡರು, ದೋಣಿಯವರು ಮೀನಿಗೆ, ಚಿಪ್ಪಿಗೆ, ಮರಳಿಗೆ ತಿರುಗಿದರು. ಹೊಳೆಯ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ಇದ್ದಲ್ಲಿ ಮಣ್ಣು ಬರುವುದೂ ಹೆಂಚು ಹೋಗುವುದೂ ದೋಣಿಯಲ್ಲೇ ಆಗಿತ್ತು. ಲಾರಿ ಬಂದ ಮೇಲೆ ಕಾರ್ಖಾನೆಯ ಬಾಗಿಲು ಹೊಳೆಯ ಕಡೆಯಿಂದ ರಸ್ತೆಯ ಕಡೆಗೆ ತಿರುಗಿತು ಎನ್ನಬಹುದು. ಕರಾವಳಿಯ ಪ್ರಯಾಣಿಕರ ಹಡಗುಗಳೂ ಈ ಬಂದರುಗಳನ್ನು ಬಿಟ್ಟವು.

ಇದಾದ ಮೇಲೆ ರೈಲು ಬಂತು. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರಲ್ಲಿ. ಮಂಗಳೂರು-ಉಡುಪಿ ನಡುವೆ 1993ರಲ್ಲಿ ರೈಲು ಓಡಿತು, 1998ರಲ್ಲಿ ಇಡೀ ದಾರಿ ತೆರೆಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ರೈಲು ಸೇತುವೆಯೊಂದೇ ಎರಡು ಕಿ.ಮೀ. ಮೀರಿ ಉದ್ದವಿದೆ. ಆ ವರ್ಷ ಮಂಗಳೂರು-ಮುಂಬಯಿ ನಡುವೆ ಶುರುವಾದ ರೈಲಿಗೆ ಮತ್ಸ್ಯಗಂಧ ಎಂದು ಹೆಸರಿಟ್ಟರು. ಕಡಲ ತೀರದ ರೈಲಿಗೆ ಮೀನಿನ ಹೆಸರು ಒಪ್ಪುತ್ತದೆಂದು ಇಟ್ಟಿರಬಹುದು. ಆದರೆ ಮಹಾಭಾರತದ ಮತ್ಸ್ಯಗಂಧಿ ಮಾಡುತ್ತಿದ್ದ ಕೆಲಸ ಬೇರೆ: ಅವಳು ಯಮುನೆಯಲ್ಲಿ ದೋಣಿ ನಡೆಸಿ ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತಿದ್ದಳು. ಪರಾಶರ ಅವಳನ್ನು ಕಂಡದ್ದು ಕಡವಿನಲ್ಲಿ. ಕರಾವಳಿಯ ಕಡವುಗಳೆಲ್ಲ ಮುಚ್ಚಿದ ಮೇಲೆ ಅವುಗಳ ಮೇಲಿಂದ ಓಡುವ ರೈಲಿಗೆ ದೋಣಿಯವಳ ಹೆಸರು ಬಂದದ್ದು ಕಾಕತಾಳೀಯವಿರಬೇಕು. 1999ರಲ್ಲಿ ಕೊಂಕಣ ರೈಲ್ವೆ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಏರಿಸಿ ಸಾಗಿಸುವ ಏರ್ಪಾಡನ್ನೂ ಶುರುಮಾಡಿತು. ಅದು ಸುರತ್ಕಲ್‌ವರೆಗೂ ಬಂತು. ಜಂಗಲಿನ ಮೇಲೆ ಲಾರಿ ನಿಂತಂತೆಯೇ ರೈಲಿನ ಮೇಲೆ ಲಾರಿ ನಿಂತಿತು, ಚಾಲಕ ಮೇಲೆಯೇ ಕುಳಿತು ಊಟ ಮಾಡಿದ.

ಆದರೆ ಕೊಂಡಿಯ ತಾಪತ್ರಯ ತಪ್ಪಿತೆ? ಕುಂದಾಪುರದ ರೈಲು ನಿಲ್ದಾಣ ಕುಂದಾಪುರದಲ್ಲಿಲ್ಲ, ಪೇಟೆಯಿಂದ ದೂರದ ಮೂಡ್ಲಕಟ್ಟೆಯಲ್ಲಿದೆ. ಬ್ರಹ್ಮಾವರಕ್ಕೆ ಅದರದೇ ನಿಲ್ದಾಣವಿಲ್ಲ, ಬಾರಕೂರಿಗೆ ಹೋಗಬೇಕು. ಬೈಂದೂರಿನ ನಿಲ್ದಾಣಕ್ಕೆ ಮೂಕಾಂಬಿಕಾ ರೋಡ್ ಎಂದು ಹೆಸರು. ಆ 'ರೋಡ್' ಎಂಬ ಶಬ್ದದೊಳಗೆ ಕೊಲ್ಲೂರಿನ ವರೆಗಿನ ಕಾಡುದಾರಿಯೆಲ್ಲ ಅಡಗಿದೆ. ಹಳಿ ನೇರವಾಗಿರಬೇಕು, ಅಳಿವೆಯ ಅಗಲ ಕಡಿಮೆ ಇರುವಲ್ಲಿ ದಾಟಬೇಕು, ಪೇಟೆಯ ನೆಲಕ್ಕೆ ಬೆಲೆ ಹೆಚ್ಚು, ಹೀಗೆ ಕಾರಣಗಳಿದ್ದೇ ಇರುತ್ತವೆ. ಮುಂಬಯಿಯಿಂದ ನೂರಾರು ಕಿ.ಮೀ.ಗಳನ್ನು ಒಂದೇ ಟಿಕೇಟಿನಲ್ಲಿ ಬಂದವನು ಕೊನೆಯ ಐದಾರು ಕಿ.ಮೀ.ಗೆ ಅಪರಾತ್ರಿಯಲ್ಲಿ ರಿಕ್ಷಾದವನೊಡನೆ ಚೌಕಾಸಿ ಮಾಡಬೇಕಾಗುತ್ತದೆ. ಕಡವಿನಲ್ಲಾದರೆ ಬಸ್ಸಿನವನು ದೋಣಿಯನ್ನು ಕಣ್ಣಾರೆ ನೋಡುತ್ತಿದ್ದ. ಪೇಟೆಯ ಬಸ್ ನಿಲ್ದಾಣದಲ್ಲಿ ನಿಂತವನಿಗೆ ಮೂಡ್ಲಕಟ್ಟೆಯ ರೈಲು ಕಾಣುವುದಿಲ್ಲ.

ಬಸ್ಸು ನೀರಿನ ಮೇಲೆ ತೇಲುವುದನ್ನು ನೋಡಬೇಕೆಂದವರು ಇತ್ತೀಚಿನವರೆಗೂ ಕೊಲ್ಲೂರಿನಿಂದ ನಾಗೋಡಿ ಘಾಟಿ ಹತ್ತಿ ಸಿಗಂದೂರಿಗೆ ಹೋಗಬಹುದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ತುಮರಿ ಕಡೆಯ ಹಳ್ಳಿಗಳು ಸಾಗರ ಪೇಟೆಯಿಂದ ಬೇರ್ಪಟ್ಟವು. ನಾಡಿಗೆ ಬೆಳಕು ಕೊಟ್ಟವರಿಗೆ ಸಿಕ್ಕದ್ದು ಹೊಳೆಬಾಗಿಲಿನ ಲಾಂಚು. ಬಸ್ಸು, ಕಾರು, ಎಮ್ಮೆ, ಕಾಯಿಲೆಯವರು, ಭಕ್ತರು ಎಲ್ಲರೂ ಒಂದೇ ಹಲಗೆಯ ಮೇಲೆ ದಾಟುತ್ತಿದ್ದರು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೂ ದೇವರೇ ಗತಿ. ಅಂಬಾರಗೊಡ್ಲು-ಕಳಸವಳ್ಳಿ ನಡುವೆ ಎರಡು ಕಿ.ಮೀ. ಮೀರಿದ ತೂಗುಹಗ್ಗದ ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಅರವತ್ತು ವರ್ಷ ಹೊರಗಿನವರಿಗೆ ಮೋಜಾಗಿ ಕಂಡ ಪಯಣ ಅಲ್ಲಿನವರಿಗೆ ಏನಾಗಿತ್ತೆಂಬುದು ಆ ದಿನ ಸೇತುವೆಯ ಮೇಲೆ ಸೇರಿದ ಜನರನ್ನು ನೋಡಿದರೆ ತಿಳಿಯುತ್ತಿತ್ತು.

ಸೇತುವೆ ಕಾಣದ ನೀರು ಕರಾವಳಿಯಲ್ಲಿ ಇನ್ನೂ ಉಳಿದಿದೆ. ಸೀತಾ-ಸುವರ್ಣೆಯರು ಕೂಡುವಲ್ಲಿ ಕೋಡಿ ಬೆಂಗ್ರೆಯವರಿಗೆ ಹಂಗಾರಕಟ್ಟೆ ಕಣ್ಣೆದುರಿಗೇ ಇದೆ, ದೋಣಿ, ಬಾರ್ಜುಗಳಲ್ಲಿ ದಾಟಿದರೆ ಕೆಲವು ನಿಮಿಷ. ರಸ್ತೆಯಲ್ಲಾದರೆ ಕೆಮ್ಮಣ್ಣು, ಸಂತೆಕಟ್ಟೆ, ಬ್ರಹ್ಮಾವರ ಸುತ್ತಿ ಬರಬೇಕು. ಇನ್ನೂ ಸ್ಪಷ್ಟವಾದದ್ದು ಗಂಗೊಳ್ಳಿ. ಕುಂದಾಪುರದ ಹೊಳೆದಂಡೆಯಲ್ಲಿ ನಿಂತರೆ ಎದುರಿಗೆ ಬಂದರಿನ ದೋಣಿಗಳ ಬಣ್ಣ ಕಾಣುತ್ತದೆ, ಮಂಜುಗಡ್ಡೆ ಕಾರ್ಖಾನೆಯ ಮಾಡು ಕಾಣುತ್ತದೆ. ಒಂದು ಕಾಲದಲ್ಲಿ ಶಾಲೆಗೆ, ಕೋರ್ಟಿಗೆ, ಸಂತೆಗೆ ಬರುವವರೆಲ್ಲ ದೋಣಿಯಲ್ಲೇ ಬರುತ್ತಿದ್ದರು. ಇಲ್ಲೊಂದು ಸೇತುವೆ ಬೇಕೆಂಬ ಬೇಡಿಕೆ ಬಹಳ ಹಳೆಯದು. ಹೆದ್ದಾರಿಯ ಸೇತುವೆಗಳು ಬಂದ ಮೇಲೆ ದೋಣಿಯ ದಾರಿ ಸೊರಗಿತು, ಬಸ್ಸಿನ ದಾರಿ ಬೆಳೆಯಿತು, ಎರಡೂರಿನ ನಡುವಿನ ದೂರ ಒಂದರಿಂದ ಹದಿನೈದು ಕಿ.ಮೀ.ಯಷ್ಟಾಯಿತು. ಮೀನಿನ ಬುಟ್ಟಿ ಹೊತ್ತ ಹೆಂಗಸರಿಗೂ ಕಾಲೇಜಿನ ಮಕ್ಕಳಿಗೂ ಈ ಸುತ್ತು ಪ್ರತಿದಿನದ್ದು.

ಕುಂದಾಪುರದ ಬಸ್ ನಿಲ್ದಾಣದಲ್ಲಿ ನಿರ್ವಾಹಕ ಬಾಗಿಲಿಗೆ ಜೋತು ಊರುಗಳನ್ನು ಕೂಗುತ್ತಾನೆ: ಸಂಗಮ್, ತಲ್ಲೂರು, ಹೆಮ್ಮಾಡಿ, ಅರಾಟೆ, ಮುಳ್ಳಿಕಟ್ಟೆ, ತ್ರಾಸಿ. ಪಟ್ಟಿಯ ಕೊನೆಗೆ ಬರುವ ಹೆಸರು ಗಂಗೊಳ್ಳಿ.